ಅರ್ವೋ ಎಂಜಿನ್ನಿಗೆ ಕಟ್ಟಿದ ಡಬ್ಬಿ

ಅರ್ವೋ ಲಂಪೆಲಾಗೆ ಅರವತ್ತೆಂಟು ವಯಸ್ಸು. ಮೂವತ್ತನಾಲ್ಕು ವರ್ಷ ಕಾಗದದ ಗಿರಣಿಯಲ್ಲಿ ದುಡಿದು ನಿವೃತ್ತನಾದವನು. ಚಳಿಗಾಲದ ಪ್ರತಿ ಭಾನುವಾರ ನಮ್ಮೂರ ಹೆಪ್ಪುಗಟ್ಟಿದ ಕೆರೆಯ ಮೇಲೆ ನಡೆಯುವ ಮೋಟರ್ ಸೈಕಲ್ ಓಟದಲ್ಲಿ ತಪ್ಪದೆ ಕೊನೆಯವನಾಗಿ ಬರುತ್ತಾನೆ. ಹನ್ನೊಂದು ವರ್ಷದಿಂದ ಅಲ್ಲಿ ಬಾವುಟ ಹಿಡಿದು ನಿಂತವಳು ನಾನು, ಆದ್ದರಿಂದ ಆಣೆ ಮಾಡಿ ಹೇಳಬಲ್ಲೆ. ಉಳಿದವರೆಲ್ಲ ಬಂದು ಕಾಫಿ ಬಗ್ಗಿಸಿಕೊಳ್ಳುವ ಹೊತ್ತಿಗೆ ಇವನು ಇನ್ನೂ ಆಚೆಯ ತಿರುವಿನಲ್ಲಿ ಹಲ್ಲು ಕಿರಿಯುತ್ತಾ ಬರುತ್ತಿರುತ್ತಾನೆ. ಸೋತು ಇಷ್ಟು ಸುಖವಾಗಿರುವ ಇನ್ನೊಬ್ಬ ಮನುಷ್ಯ ಮಿಚಿಗನ್ನಿನ ಈ ಉತ್ತರದ ಮೂಲೆಯಲ್ಲಂತೂ ಇಲ್ಲ.

ಗಾಡಿ ಅವನಪ್ಪನ ಕಾಲದ್ದು. ಎಂಜಿನ್ನಿನ ಒಳಗೆ ತುಂಬುವ ಹಬೆ ಹೊರಗೆ ಹೋಗಲಿ ಅಂತ ಒಂದು ರಬ್ಬರ್ ಪೈಪು ಇರುತ್ತದಲ್ಲ, ಬ್ರೀದರ್ ಅನ್ನುತ್ತಾರೆ. ವಯಸ್ಸಾದ ಎಂಜಿನ್ನು ಅದರಿಂದ ಹಬೆಯ ಜೊತೆ ಎಣ್ಣೆಯನ್ನೂ ಉಗುಳುತ್ತದೆ. ಯಾರಾದರೂ ಕೇಳಿದರೆ ಅರ್ವೋ "ಒಂದೆರಡು ಹನಿ" ಅನ್ನುತ್ತಿದ್ದ. ಹನ್ನೊಂದು ವರ್ಷ ಅದೇ ಉತ್ತರ.

ಈ ಉತ್ತರ ಕೇಳಿ ಕೇಳಿ ತಲೆ ಕೆಟ್ಟಿದ್ದವನು ಅವನ ಹೆಂಡತಿ ಲೊರೇನಳ ತಮ್ಮ ಒನ್ನಿ. ಅವನು ಕೆರೆಯ ಇನ್ನೊಂದು ಬದಿಯ ಜನ, ಅಂದರೆ ಮಂಜುಗಡ್ಡೆಗೆ ತೂತು ಕೊರೆದು, ಮೇಲೊಂದು ಗೂಡು ನಿಲ್ಲಿಸಿ, ಗಾಳ ಬಿಟ್ಟು ದಿನವಿಡೀ ಕೂರುವವರ ಮುಖಂಡ. ಕೆರೆಗೆ ಇಳಿಯುವ ದಾರಿ ಇರುವುದೂ ಅವನ ಅಂಗಳದಲ್ಲೇ. ಈ ವರ್ಷದ ಮೊದಲ ಓಟಕ್ಕೆ ಎಂಟು ದಿನ ಇರುವಾಗ ಬಂದು ಬಾಗಿಲಲ್ಲೇ ನಿಂತ. ಲೊರೇನ್ ಒಳಗೆ ಕರೆದರೂ ಬರಲಿಲ್ಲ.

"ಭಾವ, ಈ ಸಲ ಒಂದು ಹನಿ ಎಣ್ಣೆ ಕಂಡ್ರೂ ನಿಮ್ಮ ಗಾಡಿ ನನ್ನ ಅಂಗಳ ದಾಟಲ್ಲ. ಅಕ್ಕ ಬಂದು ಹೇಳಿದ್ರೂ ಕೇಳಲ್ಲ ನಾನು," ಅಂದ.

ಅರ್ವೋ ಅವತ್ತು ಊಟ ಮಾಡಲಿಲ್ಲವಂತೆ. ನನಗೆ ಅಯ್ಯೋ ಅನ್ನಿಸಿತು. ಗಿರಣಿ ಬಿಟ್ಟ ಮೇಲೆ ಅವನಿಗೆ ವಾರದಲ್ಲಿ ಕಾಯುವುದಕ್ಕೆ ಅಂತ ಉಳಿದಿದ್ದದ್ದು ಆ ಭಾನುವಾರ ಒಂದೇ.

ಮರುದಿನವೇ ಕೆಲಸಕ್ಕೆ ಕೂತ. ಮೇಪಲ್ ಮರದ ಸಿಹಿ ಪಾಕ ಬರುವ ತಗಡಿನ ಡಬ್ಬಿ ಒಂದನ್ನು ತೊಳೆದು, ಹಬೆ ಒಳಗೆ ಬರಲು ಒಂದು ಕೊಳವೆ, ಹೊರಗೆ ಹೋಗಲು ಇನ್ನೊಂದು, ತಳಕ್ಕೆ ಒಂದು ಪುಟ್ಟ ನಲ್ಲಿ ಬೆಸೆದ. ಒಳಗೆ ಪಾತ್ರೆ ಉಜ್ಜುವ ಸ್ಟೀಲ್ ನಾರು ತುರುಕಿದ. ಹಬೆ ನಾರಿನ ನಡುವೆ ನುಸುಳುವಾಗ ಎಣ್ಣೆ ಅದಕ್ಕೆ ಅಂಟಿ ತಳಕ್ಕೆ ಇಳಿಯಬೇಕು, ಲೆಕ್ಕಾಚಾರ ಇಷ್ಟೇ. ಆರು ನಾರಿನ ಹೊಸ ಪೊಟ್ಟಣ ಖಾಲಿಯಾಗಿದ್ದು ಕಂಡ ಲೊರೇನ್, ಇನ್ನು ಮೇಲೆ ಸುಟ್ಟ ಬಾಣಲೆಗಳನ್ನೆಲ್ಲ ನಿಮ್ಮ ಗಾಡಿಗೇ ತಂದು ಉಜ್ಜುತ್ತೇನೆ ಅಂದಳು.

ಡಬ್ಬಿಯನ್ನು ಎಲ್ಲಿ ಕೂರಿಸುವುದು ಅಂತ ಅವನು ಅಂತರ್ಜಾಲದಲ್ಲಿ ಹುಡುಕಿದ. ಮುಂದೆ, ಗಾಳಿ ಬಡಿಯುವ ಕಡೆ ಕೂರಿಸಬೇಕು, ಹಬೆ ತಣ್ಣಗಾದಷ್ಟೂ ಎಣ್ಣೆ ಚೆನ್ನಾಗಿ ಬೇರೆಯಾಗುತ್ತದೆ ಅಂತ ಯಾರೋ ಬರೆದಿದ್ದರು. ಹಾಗೇ ಮಾಡಿದ. ಸೌದೆ ಒಲೆ ಉರಿಯುವ ಬೆಚ್ಚನೆಯ ಶೆಡ್ಡಿನಲ್ಲಿ ಗಾಡಿ ನಿಲ್ಲಿಸಿ, ಕೆಳಗೆ ಪತ್ರಿಕೆ ಹಾಸಿ, ನನ್ನನ್ನು ಕರೆದು ಕಾಲು ಗಂಟೆ ಎಂಜಿನ್ ಓಡಿಸಿ ತೋರಿಸಿದ. ಒಂದು ಹನಿ ಬೀಳಲಿಲ್ಲ. ಅವನ ಮುಖ ನೋಡಬೇಕಿತ್ತು.

ಶನಿವಾರ ಬೆಳಿಗ್ಗೆ ಮನೆಯ ಹಿಂದಿನ ಹೊಲದಲ್ಲಿ ಓಡಿಸಿ ನೋಡಿದ. ರೆಪ್ಪೆ ರೆಪ್ಪೆಗೆ ಅಂಟಿಕೊಳ್ಳುವಂಥ ಚಳಿ. ಮೂರನೆಯ ಸುತ್ತಿಗೆ ಎಂಜಿನ್ನಿನ ಬದಿಯ ಮುಚ್ಚಳದ ಸಂದಿಗೆ ಕೂರಿಸಿದ ಗ್ಯಾಸ್ಕೆಟ್ಟಿನಿಂದ ಎಣ್ಣೆ ಚಿಮ್ಮಿ ಅವನ ಬೂಟು, ಪ್ಯಾಂಟು, ಹಿಮ ಎಲ್ಲ ಕಪ್ಪಾಯಿತು. ಡಬ್ಬಿ ಬಿಚ್ಚಿದರೆ ನಾರೆಲ್ಲ ಒಂದೇ ಗಟ್ಟಿ ಮಂಜಿನ ಉಂಡೆ. ಹಬೆ ಹೆಪ್ಪುಗಟ್ಟಿ ದಾರಿ ಮುಚ್ಚಿದೆ, ಎಂಜಿನ್ನು ಉಸಿರು ಕಟ್ಟಿ ಸಿಕ್ಕಿದ ಕಡೆ ಎಣ್ಣೆ ಕಕ್ಕಿದೆ. ನನಗೆ ಸಿಟ್ಟು ಬಂತು. ಅರವತ್ತೆಂಟು ಚಳಿಗಾಲ ಇಲ್ಲೇ ಕಳೆದವನು ತೆಂಗಿನಮರದ ಕೆಳಗೆ ಕೂತು ಬರೆದವನ ಮಾತು ಕೇಳುತ್ತಾನಾ ಅಂತ ಚೆನ್ನಾಗಿ ಬೈದೆ. ಅವನು ಹಿಮದ ಮೇಲೆ ಕೂತು, "ಮಾರಿಬಿಡ್ತೀನಿ ಬಿಡು," ಅಂದ. ಬೈದಿದ್ದು ಹೆಚ್ಚಾಯಿತು ಅಂತ ನನಗೆ ಆಮೇಲೆ ಸಂಕಟವಾಯಿತು.

ಶನಿವಾರ ಸಂಜೆ ಎಂದಿನಂತೆ ಅರ್ವೋ ಮನೆಯಲ್ಲಿ ಸೌನಾ, ಅಂದರೆ ಹಬೆ ಸ್ನಾನದ ಗೂಡು, ಕಾಯಿಸಿದರು. ಮೊದಲು ಲೊರೇನ್ ಮತ್ತು ನಾನು ಬಿಸಿ ಕಲ್ಲಿನ ಮೇಲೆ ನೀರು ಸುರಿದು ಬೆವರಿ ಬಂದೆವು, ಆಮೇಲೆ ಗಂಡಸರ ಸರದಿ. ಎಷ್ಟೇ ಜಗಳವಿದ್ದರೂ ಒನ್ನಿ ಸೌನಾ ತಪ್ಪಿಸುವುದಿಲ್ಲ, ಒಳಗೆ ಯಾರೂ ಜಗಳ ತೆಗೆಯುವುದೂ ಇಲ್ಲ, ನಮ್ಮಲ್ಲಿ ಅದು ಹಿಂದಿನಿಂದ ಬಂದ ಪದ್ಧತಿ. ಹಾಗಾಗಿ ಭಾವ ಭಾವಮೈದುನ ಇಬ್ಬರೂ ಬಾಯಿ ಹೊಲಿದುಕೊಂಡು ಪಕ್ಕಪಕ್ಕ ಕೂತಿದ್ದರಂತೆ. ಹಬೆ ಹೋಗುವ ಕಿಂಡಿ ಅರ್ವೋ ಕಣ್ಣಿಗೆ ಬಿತ್ತು. ಆ ಸೌನಾ ಕಟ್ಟಿಕೊಟ್ಟವನು ಒನ್ನಿಯೇ.

"ಇದನ್ನ ಯಾಕೋ ಒಲೆ ಪಕ್ಕ ಇಟ್ಟೆ?"

"ಗಾಳಿ ಕಡೆ ಇಟ್ರೆ ಹಬೆ ಹೆಪ್ಪುಗಟ್ಟಿ ಮುಚ್ಕೊಳುತ್ತೆ ಭಾವ. ಇಷ್ಟು ವರ್ಷ ಆಗಿ ಅದೂ ಗೊತ್ತಿಲ್ವಾ?"

ಅಡುಗೆಮನೆಯಲ್ಲಿ ಏಲಕ್ಕಿ ಬ್ರೆಡ್ಡು ಕೊಯ್ಯುತ್ತಿದ್ದ ನಮಗೆ ಕಿಟಕಿಯಲ್ಲಿ ಕಂಡದ್ದು, ಸೊಂಟಕ್ಕೊಂದು ಟವೆಲ್ ಸುತ್ತಿಕೊಂಡು, ಮೈಯಿಂದ ಹಬೆ ಏಳುತ್ತಾ, ಹಿಮದಲ್ಲಿ ಶೆಡ್ಡಿನ ಕಡೆ ಓಡುತ್ತಿದ್ದ ಅರ್ವೋ. ಲೊರೇನ್ ಚಾಕು ಕೆಳಗಿಟ್ಟು, "ಇವರಿಗೆ ಪ್ಯಾಂಟು ಕೊಟ್ಟು ಬಾ," ಅಂದಳು.

ಡಬ್ಬಿ ಎಂಜಿನ್ನಿನ ಹಿಂದಕ್ಕೆ ಹೋಯಿತು, ಬಿಸಿ ಸೈಲೆನ್ಸರ್ ಪೈಪಿನಿಂದ ನಾಲ್ಕು ಬೆರಳು ದೂರಕ್ಕೆ. ಉದ್ದದ ಸಣ್ಣ ಪೈಪಿನ ಬದಲು ಗಿಡ್ಡನೆಯ ದಪ್ಪ ಪೈಪು. ಗಾಳಿ ತಾಗುವ ಬದಿಗೆ ಲೊರೇನ್ ಹೆಣೆದ ಉಣ್ಣೆಯ ಕಾಲುಚೀಲ. ಗ್ಯಾಸ್ಕೆಟ್ಟನ್ನು ಬೆಳಗಿನ ಜಾವ ಎದ್ದು ಬದಲಿಸಿದ.

ಭಾನುವಾರ ಒನ್ನಿ ಅಂಗಳದ ಗೇಟು ತೆಗೆದ. ಹತ್ತು ಸುತ್ತಿನ ಓಟ. ಅರ್ವೋ ಕೊನೆಯವನಾಗಿ ಬಂದ. ಒನ್ನಿ ಓಟದ ದಾರಿಯುದ್ದಕ್ಕೂ ಮಂಜುಗಡ್ಡೆಯ ಮೇಲೆ ಎಣ್ಣೆ ಹುಡುಕುತ್ತಾ ನಮ್ಮ ಕಡೆ ನಡೆದು ಬರುತ್ತಿದ್ದ. ಅವನು ಬರುವಷ್ಟರಲ್ಲಿ ಅರ್ವೋ ಕುತೂಹಲಕ್ಕೆ ಒಂದು ಕಾಗದದ ಲೋಟ ಹಿಡಿದು ಡಬ್ಬಿಯ ನಲ್ಲಿ ತಿರುಗಿಸಿದ. ಹಾಲು ಹಾಕಿದ ಕಾಫಿಯಂಥ ಕೊಳೆ ಎಣ್ಣೆ ಇಳಿಯಿತು, ಇಳಿಯುತ್ತಲೇ ಇತ್ತು. ಲೋಟ ತುಂಬಿತು.

ಅವನ ಹಲ್ಲು ಕಿರಿಯುವುದು ನಿಂತಿತು. ಒಂದೆರಡು ಹನಿ ಅಂತ ಅವನು ನಿಜವಾಗಿಯೂ ನಂಬಿದ್ದ ಅಂತ ನನಗೆ ಆಗಲೇ ತಿಳಿದದ್ದು. ನನ್ನ ಟ್ರಕ್ಕಿನಲ್ಲಿ ಬಕೆಟ್ ಇದೆ, ಬೇಗ ಸುರಿದುಬಿಡು, ನಾನು ಬಾಯಿ ಬಿಡುವುದಿಲ್ಲ ಅಂದೆ. ನನ್ನ ಬುದ್ಧಿ ಅಷ್ಟೇ. ಅವನು ಬೇಡ ಅಂತ ತಲೆಯಾಡಿಸಿ, ತುಂಬಿದ ಲೋಟ ತುಳುಕದಂತೆ ಎರಡು ಕೈಯಲ್ಲಿ ಹಿಡಿದು ಒನ್ನಿಯ ಎದುರಿಗೆ ನಡೆದ. ನಾನೂ ಹಿಂದೆ ಹೋದೆ.

"ನೋಡು, ಇಷ್ಟು," ಅಂದ. "ಹನ್ನೊಂದು ವರ್ಷ ಪ್ರತಿ ವಾರ ಇಷ್ಟನ್ನ ನಿನ್ನ ಮೀನಿನ ಮೇಲೆ ಸುರಿದಿದೀನಿ. ನೀನು ಹೇಳಿದ್ದೇ ನಿಜ ಒನ್ನಿ. ತಪ್ಪಾಯ್ತು."

ಒನ್ನಿ ಲೋಟ ನೋಡಿದ. ಗಾಡಿಯ ಹತ್ತಿರ ಹೋಗಿ ಮಂಡಿಯೂರಿ, ಕೈಗವಸು ತೆಗೆದು, ಎಂಜಿನ್ನಿನ ಕೆಳಗಿನ ಮಂಜುಗಡ್ಡೆಯನ್ನು ಬರಿಗೈಯಲ್ಲಿ ಒರೆಸಿ ಅಂಗೈ ತಿರುಗಿಸಿದ. ಅಂಗೈ ಒದ್ದೆಯಾಗಿತ್ತು, ಅಷ್ಟೇ. ಎದ್ದು ಬಂದು ಅರ್ವೋ ಕೈಯಿಂದ ಲೋಟ ಇಸಿದುಕೊಂಡ.

"ಇದನ್ನ ನಮ್ಮನೆ ಹಳೇ ಎಣ್ಣೆ ಡ್ರಮ್ಮಿಗೆ ನಾನೇ ಹಾಕ್ತೀನಿ ಭಾವ," ಅಂದ. "ನೀವು ಹೋಗಿ. ಎರಡನೇ ಓಟಕ್ಕೆ ಎಲ್ರೂ ನಿಮಗೇ ಕಾಯ್ತಿದಾರೆ."

ಅರ್ವೋ ಕೈಗವಸಿನ ಹಿಂಬದಿಯಿಂದ ಕಣ್ಣು ಒರೆಸಿಕೊಂಡು ಗಾಡಿ ಹತ್ತಿದ. ನಾನು ಬಾವುಟ ಎತ್ತಿದೆ.