ನೋವಾದರೆ ಕೂಗು ಎನ್ನುವ ಕವಚದಮ್ಮ

ಹೊರಗೆ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಆಸ್ಪತ್ರೆಯ ನೆಲಮಾಳಿಗೆಯ ಮೆಟ್ಟಿಲಿಳಿದು, ಕೊನೆಯ ಬಾಗಿಲು ತಳ್ಳಿದೊಡನೆ ನನ್ನ ಎದೆ ಧಸಕ್ಕೆನ್ನುತ್ತದೆ. ಗೋಡೆಯುದ್ದಕ್ಕೂ ಹಲಗೆಗಳ ಮೇಲೆ ತಲೆಯಿಲ್ಲದ, ಕೈಕಾಲಿಲ್ಲದ ಬಿಳೀ ಮುಂಡಗಳು ಸಾಲಾಗಿ ನಿಂತಿವೆ. ಒಂದರ ಸೊಂಟ ಎಡಕ್ಕೆ ಸರಿದಿದೆ, ಇನ್ನೊಂದರ ಭುಜ ಮೇಲೆದ್ದಿದೆ. ಎಲ್ಲವೂ ಮಕ್ಕಳ ಅಳತೆಯವು. ನಾನು ಹೊಸ್ತಿಲಲ್ಲೇ ಗರ ಬಡಿದಂತೆ ನಿಂತದ್ದನ್ನು ಕಂಡು ಒಳಗಿನಿಂದ ಹೆಂಗಸೊಬ್ಬರು ನಗುತ್ತಾರೆ. "ಬನ್ನಿ ಬನ್ನಿ, ಕಚ್ಚಲ್ಲ. ತಲೇನೇ ಇಲ್ಲ, ಎಲ್ಲಿಂದ ಕಚ್ತಾವೆ?"

ಇಡೀ ಆಸ್ಪತ್ರೆ ಇವರನ್ನು ಕವಚದಮ್ಮ ಎಂದೇ ಕರೆಯುತ್ತದೆ. ಬೆನ್ನುಮೂಳೆ ಪಕ್ಕಕ್ಕೆ ಬಾಗುತ್ತಿರುವ ಮಕ್ಕಳಿಗೆ ಪ್ಲಾಸ್ಟಿಕ್ಕಿನ ಕವಚ ಮಾಡಿಕೊಡುವುದು ಇವರ ಕೆಲಸ. ನಾನು ಹೆದರಿದ ಮುಂಡಗಳು ಆ ಮಕ್ಕಳ ಮೈಮೇಲೆ ತೆಗೆದ ಪ್ಲಾಸ್ಟರ್ ಅಚ್ಚುಗಳು. ಇಪ್ಪತ್ತೆರಡು ವರ್ಷದಿಂದ ಇವರು ಈ ಕೋಣೆಯಲ್ಲಿದ್ದಾರೆ. ಮೇಲಿನ ಮಹಡಿಗಳಲ್ಲಿ ಬಾಗಿಲಿಗೊಂದು ಹೆಸರಿನ ಫಲಕವಿದೆ. ಇವರ ಬಾಗಿಲ ಮೇಲೆ ಮಾತ್ರ ‘ಇಲ್ಲಿ ಸಿಲಿಂಡರ್ ಇಡಬೇಡಿ’ ಎಂಬ ಹಳೆಯ ಬರಹವೊಂದೇ ಉಳಿದಿದೆ.

ಓವನ್ ಕಾದಿದೆ. ಒಳಗಿರುವ ಪ್ಲಾಸ್ಟಿಕ್ ಹಾಳೆ ಹಾಲಿನ ಬಿಳುಪು ಕಳೆದುಕೊಂಡು ನೀರಿನಂತೆ ತಿಳಿಯಾಗುತ್ತಿದೆ. ಪೂರ್ತಿ ತಿಳಿಯಾದ ಗಳಿಗೆಯಲ್ಲಿ ತೆಗೆಯಬೇಕು. ತಡವಾದರೆ ಜೋಲುತ್ತದೆ, ಬೇಗನಾದರೆ ಅಚ್ಚಿಗೆ ಅಂಟುವುದಿಲ್ಲ. ಇದು ಒಬ್ಬರ ಕೈಲಾಗುವ ಕೆಲಸವಲ್ಲ. ಪಕ್ಕದ ಲಾಂಡ್ರಿಯ ಹೆಂಗಸು ದಪ್ಪ ಗ್ಲೌಸು ತೊಟ್ಟು ಇನ್ನೊಂದು ತುದಿ ಹಿಡಿಯಲು ಬರುತ್ತಾಳೆ. "ದಿನಾ ಚಾದರ ಹಿಡಿಯೋಳು ನಾನು. ಇದೂ ಒಂದು ಬಿಸಿ ಚಾದರ, ಅಷ್ಟೇ," ಎನ್ನುತ್ತಾಳೆ ಅವಳು. ಇಬ್ಬರೂ ಹಾಳೆಯನ್ನು ಅಚ್ಚಿನ ಮೇಲೆ ಹೊದಿಸಿ ಎಳೆದು ಬಿಗಿಮಾಡುತ್ತಾರೆ. ಶಾಲೆಗೆ ಹೊರಡುವ ಮೊದಲೇ ಮಕ್ಕಳು ಬಂದು ತೊಟ್ಟು ನೋಡಬೇಕಾದ್ದರಿಂದ ಇಲ್ಲಿ ಕೆಲಸ ಕತ್ತಲಲ್ಲೇ ಶುರುವಾಗುತ್ತದೆ.

ಸ್ಕೋಲಿಯೋಸಿಸ್ ಎಂಬ ಹೆಸರನ್ನು ಕೇಳಿದ್ದೆ, ಅಷ್ಟೇ. ಭಾರದ ಬ್ಯಾಗು ಹೊತ್ತದ್ದಕ್ಕೆ, ಗೂನು ಹಾಕಿಕೊಂಡು ಮೊಬೈಲು ನೋಡಿದ್ದಕ್ಕೆ ಬರುವ ಕಾಯಿಲೆಯೆಂದೇ ತಿಳಿದಿದ್ದೆ. ಶುದ್ಧ ತಪ್ಪು. ಬಹುಪಾಲು ಮಕ್ಕಳಲ್ಲಿ ಅದು ಯಾಕೆ ಬರುತ್ತದೆಂದು ಡಾಕ್ಟರುಗಳಿಗೂ ಗೊತ್ತಿಲ್ಲ. ಹತ್ತು ದಾಟಿ, ಮಕ್ಕಳು ಸರಸರನೆ ಎತ್ತರವಾಗುವ ವಯಸ್ಸಿನಲ್ಲಿ ಬೆನ್ನುಮೂಳೆ ಪಕ್ಕಕ್ಕೆ ಬಾಗುತ್ತಾ, ಜೊತೆಗೆ ತಿರುಚಿಕೊಳ್ಳುತ್ತಾ ಹೋಗುತ್ತದೆ. ಹುಡುಗಿಯರಲ್ಲಿ ಬಾಗು ಬೇಗ ಹೆಚ್ಚುವುದು ಜಾಸ್ತಿ. ಸಾಮಾನ್ಯವಾಗಿ ನೋವು ಕೂಡ ಇರುವುದಿಲ್ಲ.

"ನೋವಿಲ್ಲ, ಸರಿ. ಆದರೆ ಕಣ್ಣಿಗೂ ಕಾಣುವುದಿಲ್ಲವೇ?" ಎಂದು ಕೇಳುತ್ತೇನೆ. ಕವಚದಮ್ಮ ಕೆಲಸ ನಿಲ್ಲಿಸಿ ನನ್ನನ್ನೇ ದಿಟ್ಟಿಸುತ್ತಾರೆ. "ಹನ್ನೆರಡು ವರ್ಷದ ಹುಡುಗಿ ಬೆನ್ನನ್ನ ಯಾರು ನೋಡ್ತಾರೆ ಹೇಳಿ? ಅವಳೇ ಸ್ನಾನ ಮಾಡ್ಕೋತಾಳೆ, ಬಾಗಿಲು ಹಾಕ್ಕೊಂಡು ಬಟ್ಟೆ ಹಾಕ್ಕೋತಾಳೆ. ತನ್ನ ಬೆನ್ನು ತನಗೆ ಕಾಣಲ್ಲ. ಅಮ್ಮಂಗೆ ಕೊನೇ ಸಲ ಕಂಡಿದ್ದು ಅವಳು ಒಂಬತ್ತು ವರ್ಷದೋಳಿದ್ದಾಗ." ಈ ಮಾತು ಕೇಳಿ ನಾನು ನಿಜಕ್ಕೂ ಹೌಹಾರಿದೆ. ಮಕ್ಕಳ ಅಂಕಪಟ್ಟಿ ನೋಡುತ್ತೇವೆ, ನಾಲಗೆ ನೋಡುತ್ತೇವೆ, ಉಗುರು ನೋಡುತ್ತೇವೆ. ಬೆನ್ನು ಮಾತ್ರ ಮನೆಯಲ್ಲಿ ಯಾರ ಲೆಕ್ಕಕ್ಕೂ ಇಲ್ಲ!

ನೋಡುವ ಬಗೆಯನ್ನೂ ಅವರೇ ತೋರಿಸುತ್ತಾರೆ. ಮಗು ಕಾಲು ಜೋಡಿಸಿ, ಮಂಡಿ ಮಡಿಸದೆ, ಎರಡೂ ಕೈ ಇಳಿಬಿಟ್ಟು ಮುಂದಕ್ಕೆ ಬಾಗಬೇಕು. ಹಿಂದೆ ನಿಂತು ನೋಡಿದರೆ ಬೆನ್ನಿನ ಎರಡೂ ಪಾರ್ಶ್ವ ಒಂದೇ ಮಟ್ಟದಲ್ಲಿರಬೇಕು. ಒಂದು ಕಡೆ ಉಬ್ಬಿದ್ದರೆ ಡಾಕ್ಟರಿಗೆ ತೋರಿಸಬೇಕು. ಬಾಗು ಚಿಕ್ಕದಿದ್ದರೆ ಆಗಾಗ ಪರೀಕ್ಷಿಸುತ್ತಾರೆ, ವ್ಯಾಯಾಮ ಹೇಳಿಕೊಡುತ್ತಾರೆ. ಇಪ್ಪತ್ತೈದು ಡಿಗ್ರಿ ದಾಟಿ, ಮಗು ಇನ್ನೂ ಬೆಳೆಯುತ್ತಿದ್ದರೆ ಈ ಕೋಣೆಗೆ ಕಳಿಸುತ್ತಾರೆ. ನಲವತ್ತೈದು, ಐವತ್ತರ ಹತ್ತಿರ ಹೋದರೆ ಆಪರೇಷನ್ ಮಾತು ಬರುತ್ತದೆ. ಕವಚ ಬಾಗನ್ನು ಮಾಯ ಮಾಡುವುದಿಲ್ಲ. ಬೆಳವಣಿಗೆ ಮುಗಿಯುವವರೆಗೆ ಅದು ಹೆಚ್ಚದಂತೆ ಹಿಡಿದು ನಿಲ್ಲಿಸುತ್ತದೆ. ಸ್ನಾನ, ಆಟ ಬಿಟ್ಟರೆ ಹೆಚ್ಚುಕಡಿಮೆ ಇಡೀ ದಿನ ತೊಟ್ಟಿರಬೇಕು, ಮಲಗಿದಾಗಲೂ. ಹದಿಮೂರು ವರ್ಷದ ಹುಡುಗಿಗೆ ಅದು ಬಾಯಲ್ಲಿ ಹೇಳಿದಷ್ಟು ಸುಲಭವಲ್ಲ. "ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಅಂತಾರಲ್ಲ, ನಮ್ಮದು ಅದರ ಉಲ್ಟಾ. ಗಿಡ ಇದ್ದಾಗ್ಲೇ ಬಗ್ಗದಂಗೆ ಹಿಡ್ಕೋಬೇಕು," ಎನ್ನುತ್ತಾರೆ ಕವಚದಮ್ಮ.

ಇವರ ಅಪ್ಪ ಚೀಲ ಹೊಲಿಯುತ್ತಿದ್ದರು. ದಪ್ಪ ಬಟ್ಟೆಗೆ ಸೂಜಿ ಹಾಕುವುದನ್ನು ಅವರಿಂದಲೇ ಕಲಿತು, ಇವರು ಇಲ್ಲಿ ಕೃತಕ ಕಾಲುಗಳಿಗೆ ಪಟ್ಟಿ ಹೊಲಿಯಲು ಸೇರಿದರು. ಕವಚ ಮಾಡುತ್ತಿದ್ದ ಹಿರಿಯರು ನಿವೃತ್ತರಾಗುವ ಮುನ್ನ ಇವರನ್ನು ತರಬೇತಿಗೆ ಕಳಿಸಿದರು. ಗಂಡ ಶಾಲಾ ಬಸ್ಸಿನ ಚಾಲಕ. ನಾಲ್ಕು ಗಂಟೆಗೆ ಇಬ್ಬರೂ ಎದ್ದು, ಒಂದೇ ಕೆಟಲಿನ ಚಹಾ ಕುಡಿದು, ಬೇರೆ ಬೇರೆ ದಿಕ್ಕಿಗೆ ಹೊರಡುತ್ತಾರೆ. "ನಮ್ಮೆಜಮಾನ್ರದ್ದು ಒಂದೇ ದೂರು, ನಾನು ಜನರನ್ನ ಮಾತಾಡಿಸೋಕೆ ಮುಂಚೆ ಅವರ ಹಿಂದೆ ಹೋಗಿ ನಿಂತ್ಕೋತೀನಂತೆ. ಮದುವೆ ಮನೆಗೆ ಕರ್ಕೊಂಡು ಹೋಗೋಕೆ ನಾಚ್ಕೆ ಅಂತಾರೆ," ಎಂದು ನಗುತ್ತಾರೆ. ಪ್ಲಾಸ್ಟಿಕ್ ಅಂಚು ಉಜ್ಜಿ ಉಜ್ಜಿ ಬಲಗೈ ಹೆಬ್ಬೆರಳು ಮರಗಟ್ಟಿದೆ. ಬೇಸಿಗೆಯಲ್ಲಿ ಈ ಕೋಣೆಯಲ್ಲಿ ನಿಂತರೆ ಉಸಿರು ಕಟ್ಟುತ್ತದೆ.

ಇಷ್ಟೇ ಆಗಿದ್ದರೆ ನಾನು ನಾಲ್ಕು ಒಳ್ಳೆಯ ಮಾತು ಬರೆದುಕೊಂಡು, ಒಂದು ಫೋಟೋ ತೆಗೆದುಕೊಂಡು ಹೊರಟುಬಿಡುತ್ತಿದ್ದೆ. ಆದರೆ ಕವಚದಮ್ಮ ಇವತ್ತು ಪದೇ ಪದೇ ಬಾಗಿಲ ಕಡೆ ನೋಡುತ್ತಿದ್ದಾರೆ. ಯಾರಾದರೂ ಬರಬೇಕಿತ್ತೇ ಎಂದು ಕೇಳುತ್ತೇನೆ. ಅವರು ಕೈಯ ಪುಡಿ ಕೊಡವಿಕೊಂಡು ಸ್ಟೂಲಿನ ಮೇಲೆ ಕೂರುತ್ತಾರೆ. "ನನ್ನ ಬಗ್ಗೆ ಬರೀತೀನಿ ಅಂತ ಬಂದಿದೀರಿ. ಇದನ್ನೂ ಬರೀಬೇಕು. ಬರೆಯಲ್ಲ ಅಂದ್ರೆ ಏನೂ ಬರೀಬೇಡಿ."

ಎಂಟು ತಿಂಗಳ ಹಿಂದೆ ಹದಿಮೂರರ ಹುಡುಗಿಯೊಬ್ಬಳು ಅಮ್ಮನ ಜೊತೆ ಬಂದಳು. ಸೊಂಟದ ಮೇಲೆ ಬಾಗು, ಇಪ್ಪತ್ತೆಂಟು ಡಿಗ್ರಿ. ಕೇಳಿದ್ದಕ್ಕಷ್ಟೇ ತಲೆಯಾಡಿಸುವ ಆ ಹುಡುಗಿಗೆ ಲಾಂಡ್ರಿಯವಳು ಮೌನಗೌರಿ ಎಂದು ಹೆಸರಿಟ್ಟಳು. ಬಾಗು ಯಾವ ಕಡೆ ಉಬ್ಬಿದೆಯೋ ಆ ಕಡೆ ಕವಚದೊಳಗೆ ಒಂದು ಮೆತ್ತೆ ಕೂರಿಸಬೇಕು. ಅದು ಒತ್ತಿ ಮೂಳೆಯನ್ನು ಒಳಕ್ಕೆ ತಳ್ಳುತ್ತದೆ. ಆ ದಿನ ಎಕ್ಸ್‌ರೇ ನೋಡುವ ದೀಪದ ಪೆಟ್ಟಿಗೆ ಕೆಟ್ಟಿತ್ತು. ಕವಚದಮ್ಮ ಫಿಲ್ಮನ್ನು ಗೋಡೆಯ ತುದಿಯಲ್ಲಿರುವ ಗವಾಕ್ಷಿಯ ಬೆಳಕಿಗೆ ಹಿಡಿದರು. ಫಿಲ್ಮು ಪಾರದರ್ಶಕ, ಎದುರಿನಿಂದ ನೋಡಿದರೂ ಬೆನ್ನು, ಹಿಂದಿನಿಂದ ನೋಡಿದರೂ ಬೆನ್ನು. ಎಡ ಯಾವುದು, ಬಲ ಯಾವುದು ಎಂದು ಹೇಳುವುದು ಮೂಲೆಯಲ್ಲಿರುವ ಒಂದೇ ಒಂದು ಅಕ್ಷರ. "ಅದು ನನ್ನ ಹೆಬ್ಬೆರಳ ಕೆಳಗೆ ಇತ್ತು. ಫಿಲ್ಮು ತಿರುಗುಮುರುಗಾಗಿದ್ದು ಗೊತ್ತಾಗ್ಲಿಲ್ಲ," ಎನ್ನುತ್ತಾರೆ.

ಮೆತ್ತೆ ಉಲ್ಟಾ ಕಡೆ ಕೂತಿತು.

ಅಚ್ಚಿನಲ್ಲಾದರೂ ಉಬ್ಬು ಕಾಣಬೇಕಿತ್ತಲ್ಲ ಎನ್ನುತ್ತೇನೆ. ಅಚ್ಚು ತೆಗೆಯುವಾಗ ಮಗುವನ್ನು ಗದ್ದಕ್ಕೆ ಕಟ್ಟಿದ ಪಟ್ಟಿಯಿಂದ ಮೇಲಕ್ಕೆಳೆದು ನಿಲ್ಲಿಸುತ್ತಾರಂತೆ. ಸೊಂಟದ ಸಣ್ಣ ಉಬ್ಬು ಅದರಲ್ಲಿ ಅಡಗಿಹೋಗುತ್ತದಂತೆ. ಬಾಗಿಸಿ ನೋಡಿದ್ದರೆ ತಿಳಿಯುತ್ತಿತ್ತು. ಆ ದಿನ ಏಳು ಮಕ್ಕಳಿದ್ದರು, ನೋಡಲಿಲ್ಲ. ಮೇಲಿನ ಡಾಕ್ಟರೂ ತೊಟ್ಟ ಕವಚವನ್ನು ಹೊರಗಿನಿಂದ ತಟ್ಟಿ, ಚೆನ್ನಾಗಿ ಕೂತಿದೆ ಎಂದರು.

ಹುಡುಗಿ ಅದನ್ನು ಒಂದೂವರೆ ತಿಂಗಳು ತೊಟ್ಟಳು. ಬೇರೆ ಮಕ್ಕಳು ಕದ್ದುಮುಚ್ಚಿ ಬಿಚ್ಚಿಡುತ್ತಾರೆ, ಶಾಲೆಯ ಶೌಚಾಲಯದಲ್ಲಿ ತೆಗೆದು ಬ್ಯಾಗಿಗೆ ತುರುಕುತ್ತಾರೆ, ಅಮ್ಮಂದಿರ ಜೊತೆ ಮಹಾಯುದ್ಧ ಮಾಡುತ್ತಾರೆ. ಈ ಮಗು ತುಟಿಪಿಟಕ್ಕೆನ್ನಲಿಲ್ಲ. ಹೇಳಿದಷ್ಟು ಹೊತ್ತು, ಹೇಳಿದಷ್ಟು ಬಿಗಿಯಾಗಿ ತೊಟ್ಟಳು. ಒಂದೂವರೆ ತಿಂಗಳಿಗೆ ಕವಚ ತೊಟ್ಟೇ ಎಕ್ಸ್‌ರೇ ತೆಗೆದಾಗ ಮೆತ್ತೆಯ ಒತ್ತಡಕ್ಕೆ ಬಾಗು ಅರ್ಧಕ್ಕಿಳಿದು ಕಾಣಬೇಕಿತ್ತು. ಮೂವತ್ತಾರು ತೋರಿಸಿತು.

"ಕವಚ ಬಿಚ್ಚಿ ನೋಡಿದೆ. ಮೆತ್ತೆ ಒತ್ತಿದ ಕಡೆ ಚರ್ಮ ಕಪ್ಪಗಾಗಿಬಿಟ್ಟಿತ್ತು. ಯಾಕೆ ಪುಟ್ಟಾ ಹೇಳ್ಲಿಲ್ಲ ಅಂದೆ. ನೀವೇ ಅಂದಿದ್ರಲ್ಲ ಅಂದ್ಲು." ಲಾಂಡ್ರಿಯವಳು ತಾನೇ ಮುಂದುವರಿಸುತ್ತಾಳೆ: "ಅಕ್ಕ ಎಲ್ಲ ಮಕ್ಕಳಿಗೂ ಹೇಳ್ತಿದ್ರು, ಮೊದಮೊದ್ಲು ನೋವಾಗುತ್ತೆ, ತಡ್ಕೋಬೇಕು, ತಡ್ಕೊಂಡೋಳೇ ಜಾಣೆ ಅಂತ."

ಜಾಣೆ! ಎಷ್ಟು ಮಕ್ಕಳಿಗೆ ನಾವು ಈ ಮಾತು ಹೇಳುವುದಿಲ್ಲ? ಬೆನ್ನೇ ಕೆಡುವವರೆಗೆ ಒಂದು ಮಗು ಆ ಮಾತನ್ನು ಉಳಿಸಿಕೊಂಡಿತಲ್ಲ!

ಕವಚದಮ್ಮ ಆ ಕ್ಷಣವೇ ತಾಯಿಯೆದುರು ನಿಂತು, ತಪ್ಪು ತನ್ನದೆಂದರು. ಫಿಲ್ಮು ಸರಿಯಿಲ್ಲ, ಮಗು ಸರಿಯಾಗಿ ತೊಡಲಿಲ್ಲ ಎನ್ನಬಹುದಿತ್ತು, ಅನ್ನಲಿಲ್ಲ. ಪಾತ್ರೆ ಅಂಗಡಿಯಲ್ಲಿ ದಿನವಿಡೀ ನಿಂತು ಕೆಲಸ ಮಾಡುವ ಆ ತಾಯಿ ಬೈಯಲಿಲ್ಲ, ಅಳಲಿಲ್ಲ, ಇವರ ಜೊತೆ ಮಾತನ್ನೇ ಬಿಟ್ಟರು. ಎರಡೇ ದಿನದಲ್ಲಿ ಹೊಸ ಕವಚ ತಯಾರಾಯಿತು. ಮೂವತ್ತಾರರಲ್ಲಿ ಕವಚದ ಒತ್ತಡವೆಷ್ಟು, ನಿಜವಾದ ಹಾನಿಯೆಷ್ಟು ಎಂದು ಈಗಲೇ ಹೇಳಲಾಗದು, ಆರು ತಿಂಗಳು ನೋಡೋಣ, ನಲವತ್ತೈದರತ್ತ ಏರತೊಡಗಿದ್ದರೆ ಆಪರೇಷನ್ನಿಗೆ ಸಿದ್ಧರಾಗಬೇಕು ಎಂದರು ಡಾಕ್ಟರು. ಆ ಆರು ತಿಂಗಳು ಮುಗಿದಿದೆ. ನಿಜವಾದ ಬಾಗು ತಿಳಿಯಲೆಂದು ನಿನ್ನೆಯಿಂದ ಕವಚ ಬಿಚ್ಚಿಟ್ಟಿರುವ ಹುಡುಗಿಗೆ ಈಗ ಮೇಲಿನ ಮಹಡಿಯಲ್ಲಿ ಎಕ್ಸ್‌ರೇ ತೆಗೆಯುತ್ತಿದ್ದಾರೆ.

"ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರೀತು," ಎನ್ನುತ್ತಾರೆ ಕವಚದಮ್ಮ. ಈಗ ಅವರು ಪ್ರತಿ ಮಗುವನ್ನೂ ಮೊದಲು ಬಾಗಿಸಿ, ಉಬ್ಬಿನ ಮೇಲೆ ಅಂಗೈಯಿಟ್ಟು, ಅಲ್ಲೇ ಬಣ್ಣದ ಗುರುತು ಹಾಕುತ್ತಾರೆ. ಆಮೇಲಷ್ಟೇ ಫಿಲ್ಮು. ಕವಚ ತೊಡಿಸಿ ಕಳಿಸುವಾಗ ಹೇಳುವ ಮಾತೂ ಬದಲಾಗಿದೆ: "ಸ್ವಲ್ಪ ಬಿಗಿ ಅನ್ಸುತ್ತೆ, ಅದು ಸರಿ. ನೋವಾದ್ರೆ ಕೂಗು. ಅಮ್ಮ ಸುಮ್ನಿರು ಅಂದ್ರೂ ಕೂಗು. ನಾನು ಸುಮ್ನಿರು ಅಂದ್ರೂ ಕೂಗು."

ಏಳು ಗಂಟೆಯ ಹೊತ್ತಿಗೆ ಮೆಟ್ಟಿಲ ಮೇಲೆ ಹೆಜ್ಜೆ ಸಪ್ಪಳ. ಮೊದಲು ಡಾಕ್ಟರು, ಹಿಂದೆ ತಾಯಿ, ಕೊನೆಗೆ ಹುಡುಗಿ. ಕವಚದಮ್ಮ ಎದ್ದು ನಿಲ್ಲುತ್ತಾರೆ. ಡಾಕ್ಟರು ಫಿಲ್ಮನ್ನು ದೀಪದ ಪೆಟ್ಟಿಗೆಗೆ ಸಿಕ್ಕಿಸಿ, ಎಲ್ಲರಿಗೂ ಕಾಣುವಂತೆ ಮೂಲೆಯ ಅಕ್ಷರದ ಮೇಲೆ ಬೆರಳಿಡುತ್ತಾರೆ. ಆಮೇಲೆ ಹೇಳುತ್ತಾರೆ: "ಇಪ್ಪತ್ತೊಂಬತ್ತು. ಹೆಚ್ಚೂಕಡಿಮೆ ಶುರುವಾದಲ್ಲೇ ಇದೆ. ಆಪರೇಷನ್ ಮಾತು ಈಗ ಬೇಡ."

ಯಾರೂ ಕುಣಿಯಲಿಲ್ಲ. ಲಾಂಡ್ರಿಯವಳು ಗ್ಲೌಸಿನಲ್ಲೇ ಮೂಗು ಒರೆಸಿಕೊಂಡಳು. ಆರು ತಿಂಗಳಲ್ಲಿ ಹುಡುಗಿ ಎತ್ತರವಾಗಿದ್ದಾಳೆ, ಹಳೆಯ ಕವಚ ಗಿಡ್ಡವಾಗಿದೆ, ಇನ್ನೊಂದು ಬೇಕು. ಅದನ್ನು ಕೇಳಿದ ತಾಯಿ ಡಾಕ್ಟರನ್ನಷ್ಟೇ ನೋಡುತ್ತಾ, "ಈ ಸಲ ಬೇರೆ ಕಡೆ ಮಾಡಿಸ್ತೀವಿ," ಎನ್ನುತ್ತಾರೆ. ಕವಚದಮ್ಮ ತಲೆಯಾಡಿಸುತ್ತಾರೆ. "ಮಾಡ್ಸಿ ಅಮ್ಮಾ. ಅಚ್ಚು ಕೊಡ್ತೀನಿ, ತಗೊಂಡ್ಹೋಗಿ."

ಆಗ ಮೌನಗೌರಿ ಬಾಯಿ ಬಿಡುತ್ತಾಳೆ. "ನಂಗೆ ಇವ್ರೇ ಬೇಕು."

"ಸುಮ್ನಿರು," ಎನ್ನುತ್ತಾರೆ ತಾಯಿ.

"ಇರಲ್ಲ. ಇವ್ರು ತಪ್ಪು ಮಾಡಿ ಆಗಿದೆ. ಬೇರೆಯವ್ರು ಇನ್ನೂ ಮಾಡಿಲ್ಲ, ನನ್ನ ಮೇಲೇ ಮಾಡ್ಲಿ ಅಂತೀಯಾ?"

ಡಾಕ್ಟರು ಕೆಮ್ಮುವಂತೆ ಮಾಡಿ ಗೋಡೆ ಕಡೆ ತಿರುಗುತ್ತಾರೆ. ತಾಯಿ ಆರು ತಿಂಗಳಲ್ಲಿ ಮೊದಲ ಬಾರಿ ಕವಚದಮ್ಮನತ್ತ ತಿರುಗುತ್ತಾರೆ. "ನೀವು ಮಾಡಿ. ಆದ್ರೆ ನಾನು ಮರೆಯಲ್ಲ."

"ಮರೀಬೇಡಿ," ಎನ್ನುತ್ತಾರೆ ಕವಚದಮ್ಮ. "ಮೆತ್ತೆ ಕೂರ್ಸೋವಾಗ ನೀವೂ ಪಕ್ಕದಲ್ಲೇ ನಿಂತ್ಕೊಳ್ಳಿ."

ಹುಡುಗಿ ಕಾಲು ಜೋಡಿಸಿ ಬಾಗುತ್ತಾಳೆ. ಕವಚದಮ್ಮ ಉಬ್ಬಿನ ಮೇಲೆ ಅಂಗೈಯಿಟ್ಟು, ತಾಯಿಯ ಕೈಯನ್ನೂ ಹಿಡಿದು ಅಲ್ಲಿಡುತ್ತಾರೆ. ಹುಡುಗಿ ಬಾಗಿದಲ್ಲಿಂದಲೇ, ನಿಮ್ಮ ಕೈ ಮಂಜುಗಡ್ಡೆ ಥರ ಇದೆ, ಹಳೇ ಕವಚದ ಅಂಚು ಕಂಕುಳಿಗೆ ಚುಚ್ಚುತ್ತೆ, ಮೇಲಿನ ಪಟ್ಟಿ ಕೆಟ್ಟ ಬಣ್ಣ ಎಂದು ಒಂದಾದಮೇಲೊಂದು ದೂರು ಹೇಳತೊಡಗುತ್ತಾಳೆ. ಯಾರೂ ಅವಳನ್ನು ತಡೆಯುವುದಿಲ್ಲ.

ಅವರು ಹೋದ ಮೇಲೆ, ಇಂಥ ಲೇಖನಗಳಲ್ಲಿ ಕೇಳಲೇಬೇಕಾದ ಪ್ರಶ್ನೆಯನ್ನು ನಾನೂ ಕೇಳುತ್ತೇನೆ: ನಿಮಗೇನು ಆಸೆ? ಬಾಗಿಲಿಗೊಂದು ಫಲಕ ಕೇಳಿಯಾರು, ಕೋಣೆಗೊಂದು ಫ್ಯಾನು ಕೇಳಿಯಾರು ಎಂದುಕೊಂಡಿದ್ದೆ. ಕವಚದಮ್ಮ ಒದ್ದೆ ಪ್ಲಾಸ್ಟರನ್ನು ಕೈಯಲ್ಲಿ ನಾದುತ್ತಾ ಯೋಚಿಸುತ್ತಾರೆ.

"ಆ ಹುಡುಗಿ ದೊಡ್ಡೋಳಾದ ಮೇಲೂ ನನ್ನನ್ನ ಬೈಕೊಂಡೇ ಇರ್ಲಿ, ಬೇಜಾರಿಲ್ಲ," ಎನ್ನುತ್ತಾರೆ. "ನೆಟ್ಟಗೆ ನಿಂತ್ಕೊಂಡು ಬೈಲಿ."