ಗೋಧಿ ಬಣ್ಣದ ಪೌಡರು

ಗೆಳತೀರಾ, ಇವತ್ತು ನನ್ನ ನೋಡೋಕೆ ಹೊಳೆನರಸೀಪುರದಿಂದ ಗಂಡಿನ ಕಡೆಯವರು ಬಂದಿದ್ರು. ಹೊಗೆಸೊಪ್ಪು ಬೇಯಿಸೋ ಕಾಲ. ಸೊಪ್ಪು ಒಣಗಿಸೋ ಗೂಡಿನ ಒಲೆಗೆ ರಾತ್ರಿಯೆಲ್ಲ ಸೌದೆ ಹಾಕಿ, ನಿದ್ದೆಗೆಟ್ಟು, ನನ್ನ ಕಣ್ಣ ಕೆಳಗೆಲ್ಲ ಕಪ್ಪಾಗಿತ್ತು. ಯುದ್ಧದ ಕಾಲದಲ್ಲಿ ಪೌಡರು ಸಿಗೋದೇ ಕಷ್ಟ ಅಂತ ಅಪ್ಪ ನಿನ್ನೆ ಹಾಸನದವರೆಗೂ ಹೋಗಿದ್ದ. ನಾನೂ ಬತ್ತೀನಿ ಅಂದಿದ್ದಕ್ಕೆ, "ಮದುವೆ ಆಗೋ ಹೆಣ್ಣು ಪೇಟೆ ಅಂಗಡೀಲಿ ನಿಂತ್ಕಂಡು ಪೌಡ್ರು ಆರಿಸ್ತದಾ?" ಅಂದ.

ಆ ಡಬ್ಬಿ ತೆಗೆದು ಅವ್ವ ಇವತ್ತು ನನ್ನ ಕಣ್ಣ ಕೆಳಗೆ ಬಳಿದಳು. ಕನ್ನಡಿ ನೋಡ್ಕಂಡೆ. ಕಪ್ಪೇನೋ ಮುಚ್ಚಿತ್ತು, ಅದರ ಮೇಲೆ ಸುಣ್ಣ ಬಳಿದಂಗೆ ಎರಡು ಬಿಳೀ ಪಟ್ಟೆ ಕೂತಿದ್ವು.

"ಅಂಗಡಿಯವನಿಗೆ ಏನಂತ ಹೇಳ್ದೆ ಅಪ್ಪಾ?"

"ಹುಡುಗಿ ಯಾವ ಬಣ್ಣ ಅಂತ ಕೇಳ್ದ. ಗೋಧಿ ಬಣ್ಣ ಅಂದೆ ಕಣವ್ವಾ."

"ನಾನು ಗೋಧಿ ಬಣ್ಣವಾ?"

"ನಾಕು ಜನರ ಮುಂದೆ ಮಗಳು ಕಪ್ಪು ಅನ್ನಕಾಯ್ತದಾ? ಗಂಡಿನ ಕಡೆಯವರಿಗೂ ಅಂಗೇ ಹೇಳಿವ್ನಿ."

ತೊಳ್ಕಳೋಣ ಅಂತ ಹಿತ್ತಿಲಿಗೆ ಹೊರಟೆ. ಅಷ್ಟರಲ್ಲಿ ಗಾಡಿ ಬಾಗಿಲಿಗೇ ಬಂತು. ಎಲೆಅಡಿಕೆ ತಟ್ಟೆ ಹಿಡ್ಕಂಡು ಹಂಗೇ ಹೋದೆ. ಗಂಡಿನ ತಾಯಿ ನನ್ನ ಮುಖವನ್ನೇ ದಿಟ್ಟಿಸಿ ನೋಡಿ, ಅವ್ವನ ಕಡೆ ಬಾಗಿ ಮೆಲ್ಲಗೆ ಕೇಳಿದ್ರು, "ಹುಡುಗಿಗೆ ತೊನ್ನು ಏನಾರ ಐತಾ?"

ತಟ್ಟೆ ಕೆಳಗಿಟ್ಟು, ಸೆರಗಿನಿಂದ ಎರಡೂ ಕಣ್ಣ ಕೆಳಗೆ ಅಲ್ಲೇ ಉಜ್ಜಿ ತೋರಿಸಿದೆ.

"ಸದ್ಯ, ಬರೀ ಕಪ್ಪು" ಅಂತ ಆಯಮ್ಮ ಉಸಿರು ಬಿಟ್ರು.

ನಮ್ಮ ಅರಕಲಗೂಡು ಸೀಮೆ ಹೊಲದಲ್ಲಿ ಗೋಧಿ ಬೆಳೆದಿದ್ದನ್ನ ನಾನಂತೂ ಕಂಡಿಲ್ಲ. ಹೆಣ್ಣು ನೋಡೋ ದಿನ ಮಾತ್ರ ಮನೆಮನೇಲೂ ಬೆಳೀತದೆ.