ಒಂದು ಬಾಟಲಿ ಕೆಂಪು ಆಯಿಲ್

ಚೆಂಬೂರಿನ ನಮ್ಮ ಗ್ಯಾರೇಜಿನ ಹಿಂಬದಿಯಲ್ಲಿ, ಹಳೆಯ ಎಣ್ಣೆಯ ಪೀಪಾಯಿಯ ಹಿಂದೆ, ಒಂದು ನೀರಿನ ಬಾಟಲಿ ನಾಲ್ಕು ವರ್ಷ ಬಿದ್ದಿತ್ತು. ಅದರಲ್ಲಿದ್ದದ್ದು ನೀರಲ್ಲ, ಗೇರ್‌ಬಾಕ್ಸಿನ ಕೆಂಪು ಆಯಿಲ್. ಅದನ್ನು ಅಲ್ಲಿ ಬಚ್ಚಿಟ್ಟವಳು ನಾನೇ. ನನ್ನ ತಮ್ಮ ಗ್ಯಾರೇಜು ಬಿಟ್ಟು ಯಾಕೆ ಹೋದ ಎಂದು ಕೇಳಿದವರಿಗೆ ನಾನು ಒಬ್ಬೊಬ್ಬರಿಗೆ ಒಂದೊಂದು ಕಾರಣ ಹೇಳಿದೆ. ಬಾಟಲಿಯ ಮಾತು ಮಾತ್ರ ಯಾರಿಗೂ ಹೇಳಲಿಲ್ಲ.

ನಾನು ಓದಿದ್ದು ಮುನ್ಸಿಪಾಲಿಟಿಯ ಕನ್ನಡ ಶಾಲೆಯಲ್ಲಿ, ಆರನೆಯ ಇಯತ್ತೆಯವರೆಗೆ. ಅವ್ವ ತೀರಿಕೊಂಡಾಗ ತಮ್ಮನಿಗೆ ನಾಲ್ಕು ವರ್ಷ. ಅವನನ್ನು ನೋಡಿಕೊಳ್ಳಲು ಶಾಲೆ ಬಿಟ್ಟೆ, ಅವನನ್ನು ಕಂಕುಳಲ್ಲಿ ಎತ್ತಿಕೊಂಡು ಅಪ್ಪನ ಗ್ಯಾರೇಜಿನಲ್ಲೇ ಕೂರುತ್ತಿದ್ದೆ. ಅಪ್ಪ ವಿಜಾಪುರದ ಕಡೆಯಿಂದ ಬಂದು ಟ್ಯಾಕ್ಸಿಗಳ ಮೇಲೆ ಕೆಲಸ ಕಲಿತವರು. ಅವರು ನನಗೆ ಕಲಿಸಿದ ಮೊದಲ ಕೆಲಸ ಗೇಜು ನೋಡುವುದು, ಎಂದರೆ ಇಂಜಿನ್ನಿನಲ್ಲಿ ಎಣ್ಣೆ ಎಷ್ಟಿದೆ ಎಂದು ಅಳೆಯುವುದು. ಇಂಜಿನ್ ಬಂದ್ ಮಾಡಬೇಕು, ಹತ್ತು ನಿಮಿಷ ಬಿಡಬೇಕು, ಎಣ್ಣೆ ತಳಕ್ಕೆ ಇಳಿಯಬೇಕು. ಆಮೇಲೆ ಉದ್ದನೆಯ ಉಕ್ಕಿನ ಪಟ್ಟಿಯನ್ನು ಎಳೆದು, ಬಟ್ಟೆಯಿಂದ ಒರೆಸಿ, ಮತ್ತೆ ಪೂರ್ತಿ ತೂರಿಸಿ ಎಳೆದರೆ ಎಣ್ಣೆಯ ಗೆರೆ ಗುರುತಿಗೆ ಸರಿಯಾಗಿ ನಿಂತಿರಬೇಕು. "ಗಿರಾಕಿ ಏನರ ಹೇಳ್ಲಿ, ನೀ ಗೇಜು ನೋಡಿ ಮಾತಾಡವ್ವ," ಎನ್ನುತ್ತಿದ್ದರು. ಇಪ್ಪತ್ತಕ್ಕೂ ಹೆಚ್ಚು ವರ್ಷ ನಾನು ಹಾಗೆಯೇ ನೋಡಿದೆ. ಒಮ್ಮೆಯೂ ತಪ್ಪಿದ್ದಿಲ್ಲ.

ತಮ್ಮ ಇಂಗ್ಲಿಷ್ ಶಾಲೆಗೆ ಹೋದ, ಆಮೇಲೆ ಐಟಿಐ ಮಾಡಿದ, ಒಂದು ದೊಡ್ಡ ವರ್ಕ್‌ಶಾಪಿನಲ್ಲಿ ಮೂರು ವರ್ಷ ದುಡಿದ. ಅಪ್ಪ ಹೋದ ಮೇಲೆ ನಮ್ಮ ಗ್ಯಾರೇಜಿಗೇ ವಾಪಸು ಬಂದ. ಬರುವಾಗ ಒಂದು ಲ್ಯಾಪ್‌ಟಾಪನ್ನೂ ಗಾಡಿಗೆ ಸಿಕ್ಕಿಸಿ ರೋಗ ಓದುವ ಸ್ಕ್ಯಾನರನ್ನೂ ತಂದ. ಅವನು ಕಲಿತದ್ದು ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಕೆಲಸ. ಕ್ಲಚ್ ಇಲ್ಲದ ಗಾಡಿ ಬಂದರೆ ಅಪ್ಪ ಬಾನೆಟ್ ಕೂಡ ಎತ್ತದೆ ಕಳಿಸಿಬಿಡುತ್ತಿದ್ದರು. ತಮ್ಮ ಬಂದ ಮೇಲೆ ಅಂಥ ಗಾಡಿಗಳು ನಮ್ಮ ಗಲ್ಲಿಯಲ್ಲಿ ಸಾಲು ನಿಲ್ಲತೊಡಗಿದವು.

ನನಗೆ ಸಂತೋಷವಾಗಬೇಕಿತ್ತು. ಆದರೆ ಅನುಮಾನ ಹತ್ತಿತು. ಅವನು ಫೋನ್ ಬಂದರೆ ರಸ್ತೆಗೆ ಹೋಗಿ ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದ. ಲ್ಯಾಪ್‌ಟಾಪಿಗೆ ಪಾಸ್‌ವರ್ಡ್ ಹಾಕಿದ್ದ. ಗಿರಾಕಿಗಳು ನನ್ನನ್ನು ದಾಟಿ ನೇರ ಅವನ ಹತ್ತಿರ ಹೋಗುತ್ತಿದ್ದರು. ಎಲ್ಲಕ್ಕಿಂತ ಹೆಚ್ಚಾಗಿ, ಎಣ್ಣೆ ಬದಲಿಸಿದ ಗಾಡಿಯನ್ನು ಟ್ರಯಲ್ ಎಂದು ಅರ್ಧ ಗಂಟೆ ಎಲ್ಲೋ ಒಯ್ಯುತ್ತಿದ್ದ. ಅವನಿಗೆ ಗೊತ್ತಾಗದಂತೆ ನಾನು ಮೀಟರಿನ ಅಂಕಿಯನ್ನು ಕ್ಯಾಲೆಂಡರಿನ ಹಿಂಬದಿಗೆ ಬರೆದಿಡುತ್ತಿದ್ದೆ. ಹನ್ನೊಂದು ಕಿಲೋಮೀಟರ್. ಒಮ್ಮೆ ಹದಿಮೂರು. ದೊಡ್ಡ ಆಫೀಸುಗಳಿರುವ ಪವಾಯಿಯಲ್ಲಿ ಯಾರೋ ಇವನಿಗೆ ಜಾಗ ಕೊಡುತ್ತಿದ್ದಾರೆ, ಗಿರಾಕಿಗಳನ್ನೆಲ್ಲ ಎತ್ತಿಕೊಂಡು ಹೋಗಿ ಸ್ವಂತ ಗ್ಯಾರೇಜು ಹಾಕುತ್ತಾನೆ ಎಂದು ನನ್ನ ತಲೆಯಲ್ಲಿ ಕೂತಿತು. ಯಾರೂ ಹಾಗೆ ಹೇಳಿರಲಿಲ್ಲ.

"ಎಲ್ಲಿಗೆ ಹೋಗಿದ್ದಿ?" ಎಂದು ಒಂದು ದಿನ ಕೇಳಿದೆ.

"ಟ್ರಯಲ್, ಅಕ್ಕಾ. ಆಯಿಲ್ ಗರಮ್ ಆಗ್ಬೇಕಲ್ಲ."

"ಆಯಿಲ್ ಗರಮ್ ಆಗಾಕ ಒಳಗ ಎಸಿ ಹಚ್ಚಬೇಕೇನು?"

ಸೀಟು ತಂಪಾಗಿದ್ದದ್ದನ್ನು ನಾನು ಮುಟ್ಟಿ ನೋಡಿದ್ದೆ. ಅವನು ಹಣೆಯ ಬೆವರು ಒರೆಸಿಕೊಂಡು ನಕ್ಕ. "ಹೊರಗ ಬಿಸಲು ನೋಡು ಎಷ್ಟೈತಿ. ನೀ ಪೊಲೀಸ್‌ದಾಗ ಸೇರಬೇಕಿತ್ತು ಅಕ್ಕಾ, ಇಲ್ಲಿ ಫುಕಟ್ ವೇಸ್ಟ್ ಆದಿ."

ನಾನು ಅಂದಿನ ಅಂಕಿಯನ್ನೂ ಕ್ಯಾಲೆಂಡರಿನ ಹಿಂದೆ ಬರೆದಿಟ್ಟೆ.

ಆ ಬೇಸಿಗೆಯಲ್ಲೇ ಡಾಕ್ಟರಮ್ಮನ ಗಾಡಿ ಬಂತು. ಡಾಕ್ಟರಮ್ಮ ಮೈಸೂರಿನ ಕಡೆಯವರು, ಅಪ್ಪನ ಹಳೆಯ ಗಿರಾಕಿ. ಅಪ್ಪನ ಕೊನೆಯ ದಿನಗಳಲ್ಲಿ ಮನೆಗೇ ಬಂದು ನೋಡಿ ಹೋಗುತ್ತಿದ್ದವರು. ಮೊಣಕಾಲು ಕೆಟ್ಟು ಕ್ಲಚ್ ಒತ್ತಲು ಆಗದೆ ಆಟೋಮ್ಯಾಟಿಕ್ ಗಾಡಿ ತೆಗೆದುಕೊಂಡಿದ್ದರು. ಆ ಗಾಡಿ ಇಲ್ಲದಿದ್ದರೆ ಅವರು ಘಾಟ್ಕೋಪರಿನ ತಮ್ಮ ದವಾಖಾನೆಗೆ ಹೋಗುವಂತಿರಲಿಲ್ಲ.

"ಗೇರನ್ನ 'ಡಿ'ಗೆ ಹಾಕಿದ್ರೆ ಗಾಡಿ ಎರಡು ಕ್ಷಣ ಯೋಚನೆ ಮಾಡುತ್ತಪ್ಪ, ಆಮೇಲೆ ಹಿಂದಿನಿಂದ ಯಾರೋ ಒದ್ದ ಹಾಗೆ ಹೊರಡುತ್ತೆ," ಎಂದರು.

ತಮ್ಮ ಗೇಜು ಎಳೆದು ಎಣ್ಣೆಯನ್ನು ಬೆರಳಲ್ಲಿ ಉಜ್ಜಿ ನನ್ನ ಮೂಗಿಗೆ ಹಿಡಿದ. ಸೀದ ಒಗ್ಗರಣೆಯ ವಾಸನೆ. ಸ್ಕ್ಯಾನರ್ ಹಾಕಿ ನೋಡಿದ, ದೊಡ್ಡ ದೋಷವೇನೂ ತೋರಿಸಲಿಲ್ಲ. ಗಾಡಿಯ ಕೆಳಗೆ ಮಲಗಿ, ಎಣ್ಣೆ ನಿಲ್ಲುವ ಚೇಂಬರನ್ನು ಬಿಚ್ಚಿ ಕೆಳಗಿಳಿಸಿದ. ಅದರ ತಳದ ಅಯಸ್ಕಾಂತಗಳಿಗೆ ಕಾಡಿಗೆಯಂಥ ಕಪ್ಪು ಮೆತ್ತಿಕೊಂಡಿತ್ತು. "ಪೌಡರ್ ಇದ್ರ ನಡೀತೈತಿ, ಲೋಹದ ತುಕಡಾ ಇದ್ದಿದ್ರ ಗೇರ್‌ಬಾಕ್ಸ್ ಖಲಾಸ್ ಇತ್ತು," ಎಂದು ಡಾಕ್ಟರಮ್ಮನಿಗೆ ಫೋನಿನಲ್ಲಿ ಧೈರ್ಯ ಹೇಳಿದ. ಫಿಲ್ಟರ್ ಬದಲಿಸಿದ. ಹಳೆಯ ಎಣ್ಣೆ ಎಷ್ಟು ಹೊರಬಂತೋ ಅಳೆದು, ಅಷ್ಟೇ ಹೊಸ ಕೆಂಪು ಆಯಿಲ್ ಹಾಕಿದ. ಆಮೇಲೆ ಎಂದಿನಂತೆ ಟ್ರಯಲ್‌ಗೆ ಹೋದ.

ವಾಪಸು ಬಂದವನು ಇಂಜಿನ್ ನಿಲ್ಲಿಸಲಿಲ್ಲ. ಬ್ರೇಕ್ ಒತ್ತಿ ಹಿಡಿದು ಗೇರಿನ ಕಡ್ಡಿಯನ್ನು ಒಂದೊಂದೇ ಗುರುತಿಗೆ ತಂದು ಮತ್ತೆ ಪಾರ್ಕಿಂಗಿಗೆ ಹಾಕಿದ, ಇಳಿದು ಬಂದು ಗುರುಗುಟ್ಟುವ ಇಂಜಿನ್ನಿನ ಪಕ್ಕದಿಂದಲೇ ಗೇಜು ಎಳೆದ.

"ಲೇ, ಬಂದ್ ಮಾಡೋ! ಚಾಲೂ ಇಟ್ಟು ಯಾರ್ ಗೇಜು ನೋಡ್ತಾರ?"

"ಇದು ಬ್ಯಾರೆ ಅಕ್ಕಾ. ಇದಕ್ಕ ಚಾಲೂನೇ ಇರಬೇಕು, ಗರಮ್ ಇರಬೇಕು."

"ಅಪ್ಪಗಿಂತ ಶ್ಯಾಣ್ಯಾ ಆದಿ ನೀ?"

"ಅಪ್ಪ ಇಂಥಾ ಗಾಡಿ ಮುಟ್ಟಿದ್ದಿಲ್ಲ," ಎಂದ. ಕುಹಕದಿಂದ ಹೇಳಲಿಲ್ಲ, ಇದ್ದದ್ದನ್ನು ಹೇಳಿದ. ನನಗೆ ಮಾತ್ರ ಕೆನ್ನೆಗೆ ಹೊಡೆದಂತಾಯಿತು.

ಮರುದಿನ ಬೆಳಿಗ್ಗೆ ಅವನಿಗಿಂತ ಮೊದಲೇ ಗ್ಯಾರೇಜಿಗೆ ಬಂದೆ. ಡಾಕ್ಟರಮ್ಮ ಹತ್ತಕ್ಕೆ ಗಾಡಿ ಒಯ್ಯುವವರಿದ್ದರು. ಗಾಡಿ ತಣ್ಣಗೆ ನಿಂತಿತ್ತು. ಅಪ್ಪ ಕಲಿಸಿದಂತೆ ಒರೆಸಿ, ತೂರಿಸಿ, ಎಳೆದೆ. ಎಣ್ಣೆ ಗುರುತಿಗಿಂತ ಎರಡು ಬೆರಳು ಮೇಲಿತ್ತು. ಮತ್ತೊಮ್ಮೆ ನೋಡಿದೆ, ಅಷ್ಟೇ ಇತ್ತು.

ನನಗೆ ಗಾಬರಿಯಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಖುಷಿಯಾಯಿತು. ಸಿಕ್ಕಿಬಿದ್ದ ಎಂದುಕೊಂಡೆ. ಎಣ್ಣೆ ಹೆಚ್ಚಾದರೆ ಸೀಲು ಒಡೆಯುತ್ತದೆ, ಗಾಡಿ ಮತ್ತೆ ರಿಪೇರಿಗೆ ಬರುತ್ತದೆ. ಬೇಕೆಂದೇ ಹಾಕಿದ್ದಾನೋ, ಕೆಲಸವೇ ಬರುವುದಿಲ್ಲವೋ, ಎರಡರಲ್ಲಿ ಒಂದು. ಬ್ರೇಕ್ ಆಯಿಲ್ ತೆಗೆಯುವ ದೊಡ್ಡ ಸಿರಿಂಜಿಗೆ ಸಣ್ಣ ಪೈಪು ಸಿಕ್ಕಿಸಿ, ಗೇಜಿನ ಕೊಳವೆಯೊಳಗಿಂದ ಎಣ್ಣೆ ಎಳೆದೆ. ಗೆರೆ ಗುರುತಿಗೆ ಇಳಿಯುವಷ್ಟರಲ್ಲಿ ಒಂದು ಬಾಟಲಿ ತುಂಬಿತು. ಅದನ್ನು ಪೀಪಾಯಿಯ ಹಿಂದೆ ಇಟ್ಟೆ. ಎಂದಾದರೂ ಒಂದು ದಿನ ಅವನ ಮುಂದೆ ಕುಕ್ಕಿ, ಇದೇನು ಹೇಳು ಎಂದು ಕೇಳಬೇಕೆಂದಿದ್ದೆ.

ಮಧ್ಯಾಹ್ನ ಡಾಕ್ಟರಮ್ಮನ ಫೋನು ಬಂತು. "ಫ್ಲೈಓವರ್ ಮಧ್ಯ ನಿಂತುಬಿಟ್ಟಿದೆ ಕಣಮ್ಮ. ಒತ್ತಿದ್ರೆ ಇಂಜಿನ್ ಬರೀ ಕಿರುಚುತ್ತೆ, ಗಾಡಿ ಏರ್ತಾ ಇಲ್ಲ. ಹಿಂದೆ ಬೇರೆ ಜಾರ್ತಿದೆ. ಅವನನ್ನ ಬೇಗ ಕಳಿಸು."

ತಮ್ಮ ಓಡಿದ. ಏರಿನ ಮೇಲೆ ಗಾಡಿ ಓರೆಯಾಗಿರುವಾಗ ಗೇಜು ನೋಡಲು ಬರುವುದಿಲ್ಲ, ಟ್ರಾಫಿಕ್ ಪೊಲೀಸರು ನಿಲ್ಲಲೂ ಬಿಡಲಿಲ್ಲ. ಕೆಳಗೆ ಮಲಗಿ ನೋಡಿದರೆ ಒಂದು ಹನಿ ಸೋರಿಕೆಯಿಲ್ಲ. ಡಾಕ್ಟರಮ್ಮ ಅಷ್ಟರಲ್ಲಿ ನಿರ್ಧಾರ ಮಾಡಿಬಿಟ್ಟಿದ್ದರು. "ಸಿಟ್ಟಿಲ್ಲಪ್ಪ ನಿನ್ನ ಮೇಲೆ. ಆದ್ರೆ ಇನ್ನೊಬ್ಬರ ಹತ್ರ ತೋರಿಸ್ತೀನಿ." ಗಾಡಿಯನ್ನು ಘಾಟ್ಕೋಪರಿನ ಒಬ್ಬ ಹಳೆಯ ಮೆಕ್ಯಾನಿಕ್ಕಿನ ಬಳಿಗೆ ಎಳೆಸಿಕೊಂಡು ಹೋದರು. ತಮ್ಮನಿಗೆ ಅಲ್ಲಿ ನಿಲ್ಲಲು ಮುಖವಿರಲಿಲ್ಲ. ನಾನು ಹೋದೆ.

ಆ ಮೆಕ್ಯಾನಿಕ್ ಚಾಚಾ ಕಲಬುರಗಿಯ ಕಡೆಯವರು. ಇಂಜಿನ್ ಚಾಲೂ ಮಾಡಿದರು, ಬಿಸಿಯಾಗಲು ಬಿಟ್ಟರು, ಕಡ್ಡಿಯನ್ನು ಎಲ್ಲ ಗುರುತಿಗೂ ಆಡಿಸಿದರು, ಇಂಜಿನ್ ಓಡುತ್ತಿರುವಾಗಲೇ ಗೇಜು ಎಳೆದರು. ತಮ್ಮ ಮಾಡಿದ್ದನ್ನೇ ಮಾಡುತ್ತಿದ್ದರು. ಪಟ್ಟಿಯ ತುದಿಯಷ್ಟೇ ಒದ್ದೆಯಾಗಿತ್ತು.

"ಬೇರೆ ಏನೂ ಬೀಮಾರಿ ಇಲ್ಲ. ಆಯಿಲ್ ಕಮ್ಮಿ ಅದ," ಎಂದರು.

ನನ್ನ ಬಾಯಿ ತಾನಾಗಿ ಹೇಳಿತು. "ಬಂದ್ ಮಾಡಿ ನೋಡ್ರಿ ಚಾಚಾ."

ಅವರು ನಕ್ಕರು. ಒಂದು ಲೀಟರ್ ಹೊಸ ಆಯಿಲ್ ಹಾಕಿ, ಓಡುವ ಇಂಜಿನ್ನಿನಲ್ಲಿ ಗೆರೆ ಗುರುತಿಗೆ ಸರಿಯಾಗಿ ಬಂದದ್ದನ್ನು ತೋರಿಸಿದರು. ಆಮೇಲೆ ಇಂಜಿನ್ ನಿಲ್ಲಿಸಿ, ಒಂದು ಬೀಡಿ ಸೇದಿ ಮುಗಿಸಿ, ಮತ್ತೆ ಗೇಜು ಎಳೆದು ನನ್ನ ಕಣ್ಣ ಮುಂದೆ ಹಿಡಿದರು. ಗುರುತಿಗಿಂತ ಎರಡು ಬೆರಳು ಮೇಲೆ.

"ನೋಡು ಬೇಟಿ, ಇಂಜಿನ್ ತಿರಗುವಾಗ ಆಯಿಲ್ ಮ್ಯಾಲ ಗೇರ್‌ಬಾಕ್ಸ್‌ದಾಗ ತುಂಬಿರ್ತದ. ಬಂದ್ ಆದ್ರ ಪೂರಾ ತಳಕ್ಕ ಬಂದು ಕುಂಡ್ರತದ. ಅದನ್ನ ನೋಡಿ ಜಾಸ್ತಿ ಅದ ಅಂದ್ಕೊಂಡ್ರ ಗಾಡಿ ಸತ್ತಂಗ."

ಅವೇ ಎರಡು ಬೆರಳು. ಅಂದು ಬೆಳಿಗ್ಗೆ ನಾನು ಕಂಡದ್ದೂ ಇಷ್ಟೇ.

"ಹಾಗಾದ್ರೆ ಇವಳ ತಮ್ಮನೇ ಕಮ್ಮಿ ಹಾಕಿದ್ದಾನೆ ಅಂತಾಯ್ತು," ಎಂದರು ಡಾಕ್ಟರಮ್ಮ.

"ಯಾರು ಏನು ಮಾಡಿದ್ರೋ ನನಗ ಗೊತ್ತಿಲ್ಲ ಅಮ್ಮಾ. ಕಮ್ಮಿ ಇತ್ತು, ಅಷ್ಟೇ."

ಇಬ್ಬರೂ ನನ್ನ ಕಡೆ ನೋಡಿದರು. ಬಾಟಲಿಯ ಮಾತು ಆಗಲೇ ಹೇಳಬೇಕಿತ್ತು. ನಾನು ಹೇಳಿದ್ದು ಬೇರೆ. "ಸಣ್ಣಾವ್ರಿ ಅಮ್ಮಾ. ಇನ್ನೂ ಕಲೀಲಿಕ್ಕತ್ತಾನ್ರಿ."

ಇಪ್ಪತ್ತೆಂಟು ವರ್ಷದವನನ್ನು ಸಣ್ಣವನೆಂದೆ.

ತಮ್ಮ ನಂಬಲಿಲ್ಲ. "ಕಮ್ಮಿ ಹೆಂಗ ಆಗತೈತಿ? ನಾ ಅಳದು ಹಾಕೀನಿ." ಆ ಗಾಡಿ ನಿಂತಿದ್ದ ನೆಲವನ್ನು ಮೊಣಕಾಲೂರಿ ಮುಟ್ಟಿ ನೋಡಿದ, ಒಣಗಿತ್ತು. ಅಳತೆಯ ಡಬ್ಬಿಯಲ್ಲಿ ನೀರು ತುಂಬಿಸಿ, ಅದು ಸರಿಯಿದೆಯೋ ಇಲ್ಲವೋ ಎಂದು ಪರೀಕ್ಷೆ ಮಾಡಿದ. ಒಂದು ಸಂಜೆ ಕೈ ತೊಳೆಯುತ್ತ, ನನ್ನ ಕಡೆ ತಿರುಗದೆಯೇ ಕೇಳಿದ. "ನೀ ಏನರ ಮುಟ್ಟಿದ್ದೇನು, ಅಕ್ಕಾ?"

"ನಾ ಯಾಕ ಮುಟ್ಟಲಿ?" ಎಂದೆ.

ಆಮೇಲೆ ಒಂದೊಂದು ಗಾಡಿಯ ಗೇಜನ್ನೂ ಮೂರು ಮೂರು ಸಲ ನೋಡತೊಡಗಿದ. ಗಾಡಿ ಕೊಟ್ಟು ಕಳಿಸಿದ ಮೇಲೂ ಫೋನ್ ಮಾಡಿ ಸರಿ ಓಡುತ್ತಿದೆಯಾ ಎಂದು ಕೇಳುತ್ತಿದ್ದ. ತನ್ನ ಕೆಲಸದ ಮೇಲೆ ಅವನಿಗೇ ನಂಬಿಕೆಯಿಲ್ಲದ್ದನ್ನು ಕಂಡು ಗಿರಾಕಿಗಳು ಬೇರೆಡೆ ಹೋದರು. ಮಳೆಗಾಲ ಮುಗಿಯುವುದರೊಳಗೆ ಲ್ಯಾಪ್‌ಟಾಪನ್ನು ಚೀಲಕ್ಕೆ ಹಾಕಿ, ಪವಾಯಿಯ ಒಂದು ಆಫೀಸಿನಲ್ಲಿ ಡ್ರೈವರ್ ಆಗಿ ಸೇರಿದ. ಹೌದು, ಪವಾಯಿಗೇ ಹೋದ. ಅಲ್ಲಿ ಆಟೋಮ್ಯಾಟಿಕ್ ಗಾಡಿ ಕೊಟ್ಟರೆ ಬೇಡ, ಕ್ಲಚ್ ಇರುವುದನ್ನೇ ಕೊಡಿ ಎನ್ನುತ್ತಿದ್ದನಂತೆ.

ಒಂದೇ ಮನೆಯಲ್ಲಿ ಇದ್ದೆವು. ಊಟ ಬಡಿಸುವಾಗ ಅವನು ತಲೆ ಎತ್ತಿದರೆ ಸಾಕು, ಇವನಿಗೆ ಗೊತ್ತಾಗಿದೆ ಎಂದು ನನಗೆ ಅನಿಸುತ್ತಿತ್ತು. ಸುಮ್ಮನಿದ್ದರೆ ಯಾಕೆ ಸುಮ್ಮನಿದ್ದಾನೆ ಎಂಬ ಸಂಶಯ. ಮೊದಲು ಅವನ ಮೀಟರ್ ನೋಡುತ್ತಿದ್ದವಳು, ಆಮೇಲೆ ಅವನ ಮುಖ ನೋಡುತ್ತ ನಾಲ್ಕು ವರ್ಷ ಕಳೆದೆ.

ಈ ವರ್ಷ ಡಾಕ್ಟರಮ್ಮ ಮತ್ತೆ ಫೋನ್ ಮಾಡಿದರು. ಘಾಟ್ಕೋಪರಿನ ಚಾಚಾ ಕೆಲಸ ಬಿಟ್ಟು ಊರಿಗೆ ಹೋದರಂತೆ, ಗಾಡಿ ಮತ್ತೆ ಯೋಚನೆ ಮಾಡತೊಡಗಿದೆಯಂತೆ. "ನಿನ್ನ ತಮ್ಮ ಇನ್ನೂ ಕಲೀತಿದ್ದಾನೆ ಅಂದಿದ್ಯಲ್ಲಮ್ಮ, ಈಗ ಕಲ್ತಿರಬೇಕು ಅಲ್ವಾ?" ಎಂದು ಕೇಳಿದರು. ಕೊಂಕಿಲ್ಲದೆ ಕೇಳಿದ ಪ್ರಶ್ನೆ. ಆಮೇಲೆ ಹೇಳುತ್ತೇನೆ ಎಂದು ಫೋನ್ ಇಟ್ಟು, ಪೀಪಾಯಿಯ ಹಿಂದಿನ ಬಾಟಲಿ ತೆಗೆದೆ.

ಭಾನುವಾರ ಬೆಳಿಗ್ಗೆ ಅವನು ಅವಲಕ್ಕಿ ತಿನ್ನುತ್ತಿದ್ದಾಗ ಆ ಬಾಟಲಿಯನ್ನು ಅವನ ಮುಂದೆ ಇಟ್ಟೆ. ಮುಚ್ಚಳ ತೆಗೆದು ಮೂಸಿದ. "ಗೇರ್‌ಬಾಕ್ಸಿಂದು. ಎಲ್ಲಿಂದ ಬಂತು?"

ಎಲ್ಲವನ್ನೂ ಹೇಳಿದೆ. ಕ್ಯಾಲೆಂಡರಿನ ಹಿಂದೆ ಬರೆದ ಅಂಕಿಗಳನ್ನೂ ಬಿಡಲಿಲ್ಲ. ಅವನು ಬಾಟಲಿಯನ್ನು ಬೆಳಕಿಗೆ ಹಿಡಿದು ತಿರುಗಿಸುತ್ತಲೇ ಇದ್ದ.

"ಒಂದು ಲೀಟರ್," ಎಂದ ಕೊನೆಗೆ. "ಚಾಚಾನೂ ಒಂದು ಲೀಟರ್ ಹಾಕಿದ್ದ. ಅದು ಎಲ್ಲಿ ಹೋತು ಅಂತ ನಾ ಡ್ರೈವಿಂಗ್ ಮಾಡುವಾಗೂ ವಿಚಾರ ಮಾಡತಿದ್ದೆ."

"ನನ್ನ ಮ್ಯಾಲ ಸಂಶಯ ಬರಲಿಲ್ಲೇನು?"

"ಬಂತು. ಕೇಳಿದ್ನಲ್ಲ. ನೀ ಇಲ್ಲ ಅಂದಿ." ಬಾಟಲಿಯ ಮುಚ್ಚಳ ತಿರುಗಿಸಿ ಹಾಕಿ, "ಅದಕ್ಕ ಸಂಶಯ ನನ್ನ ಮ್ಯಾಲೇ ಮಾಡ್ಕೊಂಡೆ," ಎಂದ.

ನಾನು ಅಳತೊಡಗಿದೆ. "ಅಳಬ್ಯಾಡ," ಎಂದ, ಗಟ್ಟಿಯಾಗಿ. "ನನ್ನ ಮುಂದ ಹೇಳಿ ಏನ್ ಫಾಯದಾ? ನಡಿ, ಡಾಕ್ಟರಮ್ಮನ ಮುಂದ ಹೇಳು."

ಅವತ್ತೇ ಹೋದೆವು. ಬಾಟಲಿಯನ್ನು ಕೈಯಲ್ಲಿ ಹಿಡಿದುಕೊಂಡೇ ಅವರ ಮನೆಯ ಹಾಲಿನಲ್ಲಿ ನಿಂತು ಹೇಳಿದೆ. ಡಾಕ್ಟರಮ್ಮ ಕನ್ನಡಕ ತೆಗೆದು ಮಡಿಲಲ್ಲಿ ಇಟ್ಟುಕೊಂಡರು. "ಎಂಥ ಕೆಲಸ ಮಾಡಿದ್ಯಮ್ಮ. ಯಾರು ಕೇಳಿದ್ರೂ ಈ ಹುಡುಗನ ಹತ್ರ ಹೋಗ್ಬೇಡಿ ಅಂತ ಹೇಳಿದ್ದೀನಲ್ಲ ನಾನು. ನಮ್ಮ ಬಿಲ್ಡಿಂಗಿನಲ್ಲೇ ಎಷ್ಟು ಜನಕ್ಕೆ ಹೇಳಿದ್ದೀನಿ." ಅದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಅವರು ಮೊಣಕಾಲು ಹಿಡಿದು ಎದ್ದು, ಗೋಡೆಯ ಮೊಳೆಯಿಂದ ಗಾಡಿಯ ಕೀಲಿ ತೆಗೆದು ತಮ್ಮನ ಕೈಗೆ ಕೊಟ್ಟರು. "ನೋಡಪ್ಪ, ಏನಾಗಿದೆಯೋ. ನಾನು ಕೆಳಗೆ ಬರಲ್ಲ. ನೀನು ಏನು ಹೇಳ್ತೀಯೋ ಅದೇ."

ಅವನು ಗಾಡಿಯನ್ನು ಹೊರಗೆ ಒಯ್ದ. ಅರ್ಧ ಗಂಟೆಯ ಮೇಲೆ ಬಂದ. ನಾನು ಕಾಂಪೌಂಡಿನಲ್ಲೇ ಕಾಯುತ್ತಿದ್ದೆ. ಈ ಸಲ ಮೀಟರ್ ನೋಡಿರಲಿಲ್ಲ. ಬಾನೆಟ್ ಎತ್ತಿದ, ಇಂಜಿನ್ ಓಡುತ್ತಲೇ ಇತ್ತು. ಬಟ್ಟೆಯನ್ನು ನನ್ನ ಕಡೆ ಎಸೆದು, "ನೋಡು," ಎಂದ.

ಗೇಜು ಎಳೆದೆ, ಒರೆಸಿದೆ, ಪೂರ್ತಿ ತೂರಿಸಿ ಮತ್ತೆ ಎಳೆದೆ. "ಗುರುತಿಗಿಂತ ಒಂದು ಕೂದಲೆಳೆ ಕೆಳಗೈತಿ. ಬಣ್ಣ ಕಪ್ಪಾಗೇತಿ," ಎಂದೆ.

ಅವನು ಪಟ್ಟಿಯನ್ನು ನನ್ನ ಕೈಯಿಂದ ತೆಗೆದುಕೊಂಡ. ಒರೆಸಿದ, ತೂರಿಸಿದ, ಎಳೆದು ತಾನೇ ನೋಡಿದ. ನಾನು ಏನೇ ಹೇಳಿದರೂ ಇನ್ನು ಮೇಲೆ ಅವನು ತಾನೇ ಒಮ್ಮೆ ನೋಡುತ್ತಾನೆ. ನಾನು ಪಕ್ಕಕ್ಕೆ ಸರಿದು, ಬೆಳಕಿಗೆ ಅಡ್ಡವಾಗದಂತೆ ನಿಂತೆ.